ಗಂಡು ನಾಯಿಯ ಬಾಣಂತನ

ಸುಳ್ಳು ಹೇಳಿದ್ದು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ಆದದ್ದೆಲ್ಲ ಅದರಿಂದಲೇ ಆದದ್ದು. ಬೇಸಿಗೆ ರಜೆಯ ಒಂದು ಬೆಳಿಗ್ಗೆ ನಮ್ಮ ನಾಯಿಯ ಕೊರಳಿಗೆ ಪಟ್ಟಿ ಕಟ್ಟಿ ಆಟೋ ಹತ್ತಿಸುತ್ತಿದ್ದೆ. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ, "ಎಲ್ಲಿಗಮ್ಮಿ ಇಷ್ಟೊತ್ಗೆ?" ಎಂದರು.

"ಇಂಜೆಕ್ಷನ್ ಹಾಕಿಸ್ಕೊಂಡು ಬರ್ತೀವಿ ಅತ್ತೆ. ವರ್ಷಕ್ಕೊಂದ್ಸಲ ಹಾಕಿಸ್ಬೇಕಲ್ಲ."

"ಒಂದು ತುತ್ತು ಮುದ್ದೆ ತಿನ್ನಿಸಿ ಕರ್ಕೊಂಡೋಗು. ರಾತ್ರಿಯಿಂದ ಏನೂ ತಿಂದಿಲ್ಲ ಅವನು."

"ಬೇಡ ಬೇಡ, ಖಾಲಿ ಹೊಟ್ಟೇಲೇ ಹಾಕ್ಬೇಕಂತೆ" ಎಂದೆ, ಒಂದಿಷ್ಟೂ ತಡವರಿಸದೆ. ಇಪ್ಪತ್ತಾರು ವರ್ಷದಿಂದ ಹಲಸೂರಿನ ಒಂದು ಶಾಲೆಯಲ್ಲಿ ಗಣಿತ ಪಾಠ ಮಾಡುತ್ತಿದ್ದೇನೆ. ಹೋಂವರ್ಕ್ ತರದ ಮಕ್ಕಳ ಸುಳ್ಳುಗಳನ್ನು ಹಿಡಿದು ಹಿಡಿದು, ಸುಳ್ಳು ಹೇಳುವ ಕಲೆಯೂ ನನಗೆ ಅಂಟಿಕೊಂಡಿರಬೇಕು.

ನಾಯಿಗೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಇಟ್ಟಿದ್ದಾರೆ, ಅವನು ಎಲ್ಲದಕ್ಕೂ ಬರುತ್ತಾನೆ. ಅತ್ತೆಗೆ ಮಾತ್ರ ಅವನು ಕಂದ. ಮೂರು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ತರಕಾರಿ ಗಾಡಿಯ ಕೆಳಗೆ ನಡುಗುತ್ತಿದ್ದ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದವರು ಅವರೇ. ಬೀದಿ ನಾಯಿ, ಕಂದು ಬಣ್ಣ, ಒಂದು ಕಿವಿ ಯಾವಾಗಲೂ ಮಡಚಿಕೊಂಡಿರುತ್ತದೆ. ಮಲಗುವುದು ಅತ್ತೆಯ ಮಂಚದ ಪಕ್ಕದ ಗೋಣಿಚೀಲದ ಮೇಲೆ, ತಿನ್ನುವುದು ಅತ್ತೆಯ ತಟ್ಟೆಯ ಕೊನೆಯ ತುತ್ತು ಮುದ್ದೆ.

ನಮ್ಮ ಮನೆ ಇರುವುದು ಕಲ್ಯಾಣ ನಗರದ ಬೆನ್ನಿಗಿರುವ ಹಳೇ ಊರಿನ ಓಣಿಯಲ್ಲಿ. ಅತ್ತೆ ಮದುವೆಯಾಗಿ ಬಂದಾಗ ಇಲ್ಲೆಲ್ಲ ಹುರುಳಿಕಾಯಿ, ಸೊಪ್ಪು, ಬದನೆ. ಬೆಳಕು ಹರಿಯುವ ಮೊದಲೇ ಗಾಡಿ ಕಟ್ಟಿಕೊಂಡು ರಸೆಲ್ ಮಾರುಕಟ್ಟೆಗೆ ಸಾಗಿಸುತ್ತಿದ್ದರಂತೆ. ಈಗ ಆ ಹೊಲದಲ್ಲಿ ಬೆಳೆದು ನಿಂತಿರುವುದು ಮೂರಂತಸ್ತಿನ ಬಾಡಿಗೆ ಮನೆಗಳು, ನಮ್ಮದೂ ಸೇರಿ. ಮಂಡಿನೋವಿನ ಅತ್ತೆಗೆ ಕೆಳಗೆ ಗೇಟಿನ ಎದುರಿನ ಕೋಣೆ. ಅದರ ಹಿಂದಿನ ಭಾಗದಲ್ಲಿ ಶಿವಾಜಿನಗರದಲ್ಲಿ ಅಂಗಡಿ ಇಟ್ಟಿರುವ ಟೈಲರ್ ಭಾಯ್ ಸಂಸಾರ ಬಾಡಿಗೆಗಿದೆ. ಮೊದಲ ಮಹಡಿಯಲ್ಲಿ ನಾನು ಮತ್ತು ನನ್ನ ಗಂಡ.

ನಾಯಿಗೆ ಸಂತಾನಹರಣದ ಆಪರೇಷನ್ ಮಾಡಿಸಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿತ್ತು. ಹೆಣ್ಣುನಾಯಿಗಳ ಕಾಲ ಬಂದರೆ ಅವನು ಮನೆ, ಮಠ, ಮುದ್ದೆ ಎಲ್ಲ ಮರೆತು ಮಾಯವಾಗುತ್ತಿದ್ದ. ಮೊದಲ ಸಲ ಎರಡು ದಿನ. ಎರಡನೇ ಸಲ ನಾಲ್ಕು ದಿನ, ಬಂದದ್ದು ರಿಂಗ್ ರಸ್ತೆಯ ಆಚೆಯಿಂದ, ತೊಡೆಯ ಮಾಂಸ ಹರಿದುಕೊಂಡು, ಕುಂಟುತ್ತಾ. ಆ ನಾಲ್ಕು ದಿನವೂ ಅತ್ತೆ ಗೇಟು ಬಿಟ್ಟು ಕದಲಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಆ ರಸ್ತೆಯಲ್ಲಿ ಲಾರಿಗಳು ಹೇಗೆ ಓಡುತ್ತವೆಂದು ನನಗೆ ಗೊತ್ತು. ಮೂರನೇ ಸಲ ಅವನು ಬರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಅತ್ತೆಗೆ ಎರಡು ಸಲ ಬಿಡಿಸಿ ಹೇಳಿದೆ. ಎರಡು ಸಲವೂ ಅವರದು ಒಂದೇ ಮಾತು: "ಬ್ಯಾಡ. ಅವನ ಮೈ ಮುಟ್ಬ್ಯಾಡಿ." ಯಾಕೆ ಎಂದರೆ ಉತ್ತರವಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಕಾರಣ ಕೊಡದ ಉತ್ತರಕ್ಕೆ ನಾನು ತರಗತಿಯಲ್ಲಿ ಸೊನ್ನೆ ಹಾಕುತ್ತೇನೆ. ಅತ್ತೆಗೂ ಹಾಕಿದೆ.

ನನ್ನ ಗಂಡ ಇದಕ್ಕೆ ಸೈ ಎಂದದ್ದು ಒಂದೇ ಒಂದು ಪದ ಕೇಳಿ: ಲೇಸರ್. ಇಂದಿರಾನಗರದ ಕ್ಲಿನಿಕ್ಕಿನಲ್ಲಿ ಲೇಸರ್‌ನಿಂದ ಮಾಡುತ್ತಾರೆ ಎಂದಾಗ ಅವರ ಮುಖ ಅರಳಿತು. ಅವರು ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ವಿಭಾಗ ನೋಡಿಕೊಳ್ಳುತ್ತಾರೆ. ಅಲ್ಲಿಗೆ ಲೇಸರ್ ಯಂತ್ರ ಬಂದ ಮೇಲೆ ಅದರ ಗುಣಗಾನವನ್ನು ನಾನು ಊಟಕ್ಕೆ ಕೂತಾಗಲೆಲ್ಲ ಕೇಳಿದ್ದೇನೆ. "ಬ್ಲೇಡಲ್ಲಿ ಕತ್ತರಿಸಿದ್ರೆ ಆಮೇಲೆ ಅರ ಹಾಕಿ ಅಂಚು ಸವರ್ಬೇಕು. ಲೇಸರ್‌ಗೆ ಆಮೇಲಿನ ಕೆಲ್ಸಾನೇ ಇಲ್ಲ ಕಣೇ. ಕತ್ತರಿಸ್ತು, ಮುಗೀತು. ಪೀಸ್ ನೇರ ಲಾರಿಗೆ" ಎಂದರು. ನಾಯಿಯೂ ನೇರ ಓಣಿಗೆ ಎಂಬುದು ಅವರ ಲೆಕ್ಕ.

ಆಪರೇಷನ್ ಸುಸೂತ್ರವಾಗಿ ಆಯಿತು. ಡಾಕ್ಟರ್ ಸಣ್ಣ ವಯಸ್ಸಿನ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯರ ಓರಗೆ. ನಿಧಾನವಾಗಿ ಎಲ್ಲ ವಿವರಿಸಿ, ಕೈಗೆ ಎರಡು ಪುಟದ ಸೂಚನೆಗಳನ್ನು ಕೊಟ್ಟಳು. ನಾನು ತಲೆಯಾಡಿಸಿ ಆ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿದೆ. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆಯುವ ಮಕ್ಕಳಿಗೆ ನಾನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ.

ಮಧ್ಯಾಹ್ನ ಆಟೋ ನಿಂತಾಗ ಅತ್ತೆ ಗೇಟಿನಲ್ಲೇ ಇದ್ದರು. ಮಂಪರಿನಲ್ಲಿ ತೂಗಾಡುತ್ತಿದ್ದ ನಾಯಿ, ಅವನ ಕೊರಳ ಸುತ್ತ ತಳವಿಲ್ಲದ ಬಕೆಟಿನಂಥ ಪ್ಲಾಸ್ಟಿಕ್ ಕೋನ್. ಅತ್ತೆ ಅವನ ತಲೆ ನೇವರಿಸಿದರು. ಕಷ್ಟಪಟ್ಟು ಬಗ್ಗಿ ಹಿಂಗಾಲುಗಳ ನಡುವೆ ನೋಡಿದರು. ಮತ್ತೆ ನೆಟ್ಟಗೆ ನಿಲ್ಲಲು ಅವರಿಗೆ ಸ್ವಲ್ಪ ಹೊತ್ತೇ ಬೇಕಾಯಿತು.

"ಇಂಜೆಕ್ಷನ್ನು ಎಲ್ಲಿಗೆ ಹಾಕಿದ್ರು?" ಎಂದು ಕೇಳಿದರು.

ನಾನು ಆಟೋದವನಿಗೆ ಚಿಲ್ಲರೆ ಎಣಿಸತೊಡಗಿದೆ. ಅವರು ನಾಯಿಯನ್ನು ನಡೆಸಿಕೊಂಡು ತಮ್ಮ ಕೋಣೆಗೆ ಹೋದರು. ಅಲ್ಲಿಗೆ ನನ್ನೊಡನೆ ಮಾತು ಬಿಟ್ಟರು. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ನಾವಿಬ್ಬರೂ ಜಗಳ ಆಡಿದ್ದೇವೆ, ಮುಖ ಊದಿಸಿಕೊಂಡಿದ್ದೇವೆ, ಆದರೆ ಹೊತ್ತು ಮುಳುಗುವ ಮುಂಚೆ ಯಾರಾದರೊಬ್ಬರು ಕಾಫಿಗೆ ಕರೆದುಬಿಡುತ್ತಿದ್ದೆವು. ಈ ಸಲ ಕರೆಯಲಿಲ್ಲ.

ಆದರೆ ಒಂದೇ ಮನೆಯಲ್ಲಿ ಮಾತಿಲ್ಲದೆ ಬದುಕುವುದು ಹೇಗೆ? ಸಂಜೆ ಹಾಲು ತೆಗೆದುಕೊಂಡು ಕೆಳಗೆ ಹೋದಾಗ ಅತ್ತೆ ನಾಯಿಯ ಕಡೆಗೆ ತಿರುಗಿ, "ಕಂದಾ, ಅವಳಿಗೆ ಹೇಳು, ಹಾಲು ಅಲ್ಲೇ ಇಟ್ಟು ಹೋಗ್ಲಿ" ಎಂದರು.

ನಾಯಿ ನನ್ನತ್ತ ನೋಡಿದ. ನಾನೇನು ಕಮ್ಮಿ? "ನಿಮ್ಮಜ್ಜಿಗೆ ಹೇಳು, ಹಾಲು ಬಿಸಿ ಇದೆ, ಕೈ ಸುಟ್ಕೋಬೇಡಿ ಅಂತ" ಎಂದೆ. ಅಂದಿನಿಂದ ನಮ್ಮಿಬ್ಬರ ನಡುವೆ ಟಪಾಲು ಹಂಚುವ ಕೆಲಸ ಅವನಿಗೆ ಬಿತ್ತು.

ಶಿಫ್ಟ್ ಮುಗಿಸಿ ಬಂದ ನನ್ನ ಗಂಡ, ಅಂಗಳದಲ್ಲಿ ನಾನು ಕಟ್ಟಿಹಾಕಿದ್ದ ನಾಯಿಯನ್ನು ಕಂಡು ಮರುಗಿದರು. "ಲೇಸರ್ ಅಲ್ವೇನೇ, ಯಾಕೆ ಸುಮ್ನೆ ಹಿಂಸೆ ಕೊಡ್ತೀಯಾ?" ಎಂದು ಹಗ್ಗ ಬಿಚ್ಚಿದರು. ಅದೇ ಗಳಿಗೆಗೆ ಪಕ್ಕದ ಮನೆಯ ಬೆಕ್ಕು ಕಾಂಪೌಂಡಿನ ಮೇಲೆ ಪ್ರತ್ಯಕ್ಷವಾಗಬೇಕೆ! ಮಂಪರು ಎಲ್ಲಿ ಹೋಯಿತೋ, ಕೋನ್ ಸಮೇತ ಹಾರಿದ. ಬೆಕ್ಕು ಮೀಸೆ ಕೂಡ ಅಲುಗಿಸಲಿಲ್ಲ. ಮತ್ತೆ ಹಾರಿದ. ಮೂರನೇ ಸಲಕ್ಕೆ ನಾವಿಬ್ಬರೂ ಸೇರಿ ಹಿಡಿದೆವು. ಬೆಳಿಗ್ಗೆ ನೋಡಿದರೆ ಆಪರೇಷನ್ ಆದ ಜಾಗ ದೊಡ್ಡ ನಿಂಬೆಹಣ್ಣಿನಷ್ಟು ಊದಿ ಕೆಂಪಗಾಗಿತ್ತು.

ಅತ್ತೆಯ ಕೋಣೆಯಲ್ಲೇ ನಿಂತು ಡಾಕ್ಟರಿಗೆ ಫೋಟೋ ಕಳಿಸಿ ಫೋನ್ ಮಾಡಿದೆ. ಅತ್ತೆಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದೆ. ಆಮೇಲೆ ಯಾಕಾದರೂ ಹಾಕಿದೆನೋ ಅನ್ನಿಸಿತು.

"ಹಾರಿದ್ನಾ ಮೇಡಂ? ಹಾರೋಕೆ ಬಿಟ್ರಾ? ಲೇಸರ್ ಅಂದ್ರೆ ರಕ್ತ ಕಮ್ಮಿ, ನೋವು ಕಮ್ಮಿ ಅಷ್ಟೇ. ಗಾಯ ಗಾಯಾನೇ. ಹತ್ತು ದಿನ ಓಡ್ಬಾರ್ದು, ಹಾರ್ಬಾರ್ದು, ನೆಕ್ಬಾರ್ದು, ನೀರು ತಾಗ್ಬಾರ್ದು. ಪೇಪರ್‌ನಲ್ಲಿ ಎಲ್ಲಾ ಬರೆದಿದ್ದೆ. ಓದಿದ್ರಾ?"

"ಓದ್ತೀನಿ" ಎಂದೆ, ಹಿಂದಿನ ಬೆಂಚಿನ ಹುಡುಗಿಯ ದನಿಯಲ್ಲಿ.

"ಎರಡು ದಿನ ಐಸ್ ಇಡಿ. ಮೂರು ದಿನದಲ್ಲಿ ಊತ ಇಳೀಲಿಲ್ಲ ಅಂದ್ರೆ ಮತ್ತೆ ಅರಿವಳಿಕೆ ಕೊಟ್ಟು ಗಾಯ ಬಿಚ್ಚಿ ನೋಡ್ಬೇಕಾಗುತ್ತೆ."

ಫೋನ್ ಇಟ್ಟೆ. ಮತ್ತೆ ಅವನನ್ನು ಮಲಗಿಸಿ ಕತ್ತರಿಸುವುದಂತೂ ನನ್ನಿಂದ ಆಗದ ಮಾತು. ಹಾಗೇನಾದರೂ ಆದರೆ ಅತ್ತೆ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಎಂದೂ ಗೊತ್ತಿತ್ತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ಕಂದಾ, ಇವರ ಕೈಯಾಗೆ ಆಗಾಕಿಲ್ಲ. ಇನ್ನು ನಿನ್ನ ಬಾಣಂತನ ನಾನೇ ಮಾಡ್ತೀನಿ" ಎಂದರು.

ಮಾತಿಗೆ ಹೇಳಿದರು ಅಂದುಕೊಂಡೆ. ಮಧ್ಯಾಹ್ನ ಬಂದು ನೋಡಿದರೆ ಕಿಟಕಿಗೆ ಹಳೇ ಸೀರೆ ಇಳಿಬಿಟ್ಟು ಕೋಣೆ ಕತ್ತಲು ಮಾಡಿದ್ದಾರೆ. ಗಾಳಿ ಸೋಕಬಾರದೆಂದು ಫ್ಯಾನ್ ಬಂದ್. ಏಪ್ರಿಲ್ ಬಿಸಿಲಿನಲ್ಲಿ! ಮೂಲೆಯಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಹೊಗೆಯಾಡುತ್ತಿದೆ. ಗೋಣಿಚೀಲದ ಜಾಗದಲ್ಲಿ ನನ್ನ ನಾದಿನಿಯರ ಬಾಣಂತನಕ್ಕೆ ಹೊಲಿಸಿದ್ದ ಹಳೆಯ ಕೌದಿ. ಅದರ ಮೇಲೆ ಕೋನ್ ಒಳಗೇ ತಲೆಗೊಂದು ಬಟ್ಟೆ ಕಟ್ಟಿಸಿಕೊಂಡು, ಎರಡೂ ಕಿವಿ ಮುಚ್ಚಿಸಿಕೊಂಡು, ಮೂರು ವರ್ಷದ ಗಂಡು ನಾಯಿ ಚೊಚ್ಚಲ ಬಾಣಂತಿಯ ಹಾಗೆ ಮಲಗಿದ್ದಾನೆ. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ವಾಸನೆ ಮೂಗಿಗೆ ಬಡಿದ ಕೂಡಲೇ ನಗು ನಿಂತಿತು. ಬೆಳ್ಳುಳ್ಳಿ, ಮೆಣಸು, ತುಪ್ಪ ಹಾಕಿದ ಬಾಣಂತಿ ಸಾರು.

ಅಷ್ಟು ಹೊತ್ತಿಗೆ ನಾನು ಆ ಎರಡು ಪುಟವನ್ನು ಪರೀಕ್ಷೆಗೆ ಓದುವ ಹಾಗೆ ಓದಿ ಮುಗಿಸಿದ್ದೆ. "ನೋಡಪ್ಪಾ" ಎಂದೆ ನಾಯಿಗೆ, "ಬೆಳ್ಳುಳ್ಳಿ ನಿಮ್ಮ ಜಾತಿಗೆ ವಿಷವಂತೆ. ಪೇಪರ್‌ನಲ್ಲಿ ಬರೆದಿದೆ. ಬಾಯಿ ಹಾಕ್ಬೇಡ."

"ಎಷ್ಟು ಬಾಣಂತೀರಿಗೆ ಹಾಕಿವ್ನಿ ನಾನು" ಎಂದರು ಅತ್ತೆ, ನಾಯಿಗೇ. "ಒಬ್ಬಳಾದ್ರೂ ಸತ್ತವ್ಳಾ ಅಂತ ಕೇಳು."

"ಅವರು ಯಾರೂ ನಾಯಿ ಆಗಿರ್ಲಿಲ್ಲ ಅಂತ ಹೇಳು!"

ಸಿಟ್ಟಿನಿಂದ ದನಿ ಏರಿತು. ನಾಯಿ ಗಾಬರಿಯಿಂದ ಕೌದಿಯ ಮೇಲೆ ಎದ್ದು ಕೂತ. ಇಬ್ಬರೂ ಒಟ್ಟಿಗೇ "ಮಲ್ಕೋ" ಎಂದೆವು. ಕೊನೆಗೆ ನಾನು ಡಾಕ್ಟರಿಗೆ ವಿಡಿಯೋ ಕರೆ ಮಾಡಿ ಫೋನನ್ನು ಅತ್ತೆಯ ಮುಖಕ್ಕೆ ಹಿಡಿದೆ. ಅವರು ನನ್ನ ಜೊತೆ ಮಾತು ಬಿಟ್ಟಿದ್ದರೇ ಹೊರತು ಡಾಕ್ಟರ ಜೊತೆಯಲ್ಲ. ಕೋಣೆ ತೋರಿಸಿದರು, ಕೌದಿ ತೋರಿಸಿದರು, ತಲೆಬಟ್ಟೆ ತೋರಿಸಿದರು. ಆಚೆ ಕಡೆ ಆ ಹುಡುಗಿ ತುಟಿ ಕಚ್ಚಿ ನಗು ನುಂಗುವುದು ನನಗೆ ಕಾಣುತ್ತಿತ್ತು.

"ಅಜ್ಜಿ, ನೀವು ಮಾಡಿರೋದು ಬಹಳ ಸರಿ ಇದೆ. ಕತ್ತಲೆ ಕೋಣೆ, ಮೆತ್ತನೆ ಹಾಸಿಗೆ, ಪಕ್ಕದಲ್ಲಿ ಯಾವಾಗ್ಲೂ ಒಬ್ರು. ನಾನು ಎಲ್ರಿಗೂ ಇದನ್ನೇ ಹೇಳ್ತೀನಿ, ಯಾರೂ ಮಾಡಲ್ಲ" ಎಂದಳು. ಅತ್ತೆ ನನ್ನ ಕಡೆ ಒಂದು ನೋಟ ಬೀರಿದರು. "ಆದ್ರೆ ಬೆಳ್ಳುಳ್ಳಿ ಬೇಡವೇ ಬೇಡ. ತುಪ್ಪ ಬೇಡ. ಹೊಗೆ ಬಾಗಿಲಾಚೆ ಇರ್ಲಿ, ಫ್ಯಾನ್ ಹಾಕಿ, ತಲೆಬಟ್ಟೆ ಬಿಚ್ಚಿ. ಮೆತ್ತಗೆ ಅನ್ನದ ಗಂಜಿ ಕೊಡಿ. ಸ್ನಾನ ಮಾತ್ರ ಮಾಡಿಸ್ಬೇಡಿ."

"ಹನ್ನೊಂದನೇ ದಿವ್ಸ?"

"ಹತ್ತು ದಿನ ಆದ್ಮೇಲೆ ಕರ್ಕೊಂಡು ಬನ್ನಿ, ನೋಡಿ ಹೇಳ್ತೀನಿ."

ಬಾಣಂತಿಗೆ ಹನ್ನೊಂದನೇ ದಿನ ನೀರು ಹಾಕುವುದು ನಮ್ಮಲ್ಲಿ ಇರುವ ಪದ್ಧತಿ. ಡಾಕ್ಟರ ಲೆಕ್ಕವೂ ಅದಕ್ಕೇ ಹೊಂದಿದ್ದು ಕಂಡು ಅತ್ತೆಗೆ ಅವಳ ಮೇಲೆ ಭರವಸೆ ಹುಟ್ಟಿತು. ಸಾರನ್ನು ನನ್ನ ಗಂಡನಿಗೆ ಕಳಿಸಿದರು. ಅವರು ಎರಡು ಸಲ ಹಾಕಿಸಿಕೊಂಡು ಉಂಡರು.

ಐಸ್ ಇಡುವಾಗ ಮಾತ್ರ ಅತ್ತೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಹಸಿ ಮೈಗೆ ಥಂಡಿ ಇಡುವುದನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ. ಆ ಕೆಲಸ ನನ್ನದು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಮೆಲ್ಲಗೆ ಒತ್ತಿ ಹಿಡಿದರೆ ನಾಯಿ ನನ್ನತ್ತ ನೋಡುತ್ತಲೇ ಇರಲಿಲ್ಲ. ಮೊದಲೆಲ್ಲ ನಾನು ಶಾಲೆಯಿಂದ ಬಂದರೆ ಗೇಟಿನಲ್ಲೇ ಬ್ಯಾಗು ಕಿತ್ತುಕೊಳ್ಳುತ್ತಿದ್ದವನು ಈಗ ನನ್ನ ಕೈಯಿಂದ ಮಾತ್ರೆ ತಿನ್ನುವುದಿಲ್ಲ, ಬಿಸ್ಕತ್ತು ಮೂಸುವುದಿಲ್ಲ. ಆಟೋ ಹತ್ತಿಸಿ ಕರೆದುಕೊಂಡು ಹೋದವಳು ಇವಳೇ ಎಂದು ಅವನಿಗೆ ನೆನಪಿತ್ತು. ಅದೇ ಮಾತ್ರೆಯನ್ನು ಅತ್ತೆ ಗಂಜಿಯಲ್ಲಿ ಅದ್ದಿ ಕೊಟ್ಟರೆ ಗುಳುಂ. ನನಗೆ ಹೊಟ್ಟೆಕಿಚ್ಚಾಯಿತು, ಅಳುವೂ ಬಂತು.

ಕೋನ್ ಒಂದು ದೊಡ್ಡ ಕಾಟ. ಬಾಗಿಲಿಗೆ ಬಡಿಯುತ್ತಿತ್ತು, ಮಂಚದ ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು, ನೀರಿನ ಬಟ್ಟಲನ್ನು ಕವುಚಿ ಹಾಕುತ್ತಿತ್ತು. ಅತ್ತೆಗಂತೂ ಅದನ್ನು ಕಂಡರಾಗದು. ಕಾಟದ ಸದ್ದು ಹಿಂದಿನ ಮನೆಯ ಟೈಲರ್ ಭಾಯ್‌ಗೆ ಕೇಳಿಸಿತು. "ಕ್ಯಾ ಅಮ್ಮಾ, ಇದಕ್ಕೆ ಬಕೆಟ್ ಯಾಕೆ? ಗಾಯ ಮುಚ್ಚೋ ಹಾಗೆ ಒಂದು ಅಂಗಿ ಹೊಲಿದ್ರೆ ಸಾಕಲ್ವಾ?" ಎಂದರು. ಅಂಥದ್ದು ಉಂಟು, ಹಾಕಬಹುದು ಎಂದು ಡಾಕ್ಟರೂ ಹೇಳಿದಳು.

ಆದರೆ ಅಳತೆ ತೆಗೆಯುವುದು ಹೇಗೆ? ಭಾಯ್ ಐದು ಹೊತ್ತು ನಮಾಜು ಮಾಡುವವರು. ನಾಯಿಯ ಜೊಲ್ಲು ಬಟ್ಟೆಗೆ ತಾಗಿದರೆ ತೊಳೆದು ಬದಲಾಯಿಸಿಯೇ ನಮಾಜಿಗೆ ನಿಲ್ಲಬೇಕು. ಹಾಗಾಗಿ ಅವರು ಹೊಸಿಲಿನಾಚೆ ಸ್ಟೂಲ್ ಹಾಕಿಕೊಂಡು, ಕಿವಿಗೆ ಪೆನ್ಸಿಲ್ ಸಿಕ್ಕಿಸಿ, ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕೂತರು. "ಅಕ್ಕಾ, ಟೇಪ್ ನೀವು ಹಿಡೀರಿ, ನಾನು ಬರ್ಕೋತೀನಿ. ಚೆಸ್ಟ್ ಎಷ್ಟು? ಟೈಟ್ ಹಿಡೀಬೇಡಿ, ಎರಡು ಬೆರಳು ಲೂಸ್. ಸೊಂಟ? ಅಯ್ಯೋ, ಅದು ಹೊಟ್ಟೆ ಅಕ್ಕಾ, ಸೊಂಟ ಹಿಂದೆ!"

ಮೊದಲ ಅಂಗಿ ಸಂಜೆಗೇ ಬಂತು. ಬ್ಲೌಸಿನ ಲೈನಿಂಗಿನ ಮೆತ್ತನೆ ಹತ್ತಿ ಬಟ್ಟೆ, ಚೆಂದದ ಹೊಲಿಗೆ, ಹೊಟ್ಟೆಯ ಉದ್ದಕ್ಕೂ ಸಾಲು ಗುಂಡಿ. ನಲವತ್ತು ವರ್ಷ ಶರ್ಟು, ಪ್ಯಾಂಟು ಹೊಲಿದ ಕೈಗೆ ಬಾಲ ಎಂಬುದೊಂದು ಇದೆಯೆಂದು ನೆನಪಾಗಿರಲಿಲ್ಲ. ಬಾಲ ಅಂಗಿಯೊಳಗೇ ಮಡಚಿಕೊಂಡು ನಾಯಿ ಏನೋ ತಪ್ಪು ಮಾಡಿದವನ ಹಾಗೆ ನಿಂತ. ಕೋನ್ ತೆಗೆದ ಐದೇ ನಿಮಿಷಕ್ಕೆ ಎರಡು ಗುಂಡಿ ಕಿತ್ತು ಬಾಯಿಗೆ ಹಾಕಿಕೊಂಡ. ನಾನು ಬಾಯೊಳಗೆ ಕೈ ಹಾಕಿ ಹೊರಗೆ ತೆಗೆದೆ. ಭಾಯ್ ಹಣೆ ಚಚ್ಚಿಕೊಂಡು, "ಬಾಲ ಇರೋ ಗಿರಾಕಿ ಇದೇ ಫಸ್ಟ್ ಅಕ್ಕಾ, ಮಾಫ್ ಮಾಡಿ" ಎಂದರು. ಎರಡನೆಯದಕ್ಕೆ ಗುಂಡಿಯಿಲ್ಲ, ಬೆನ್ನಿನ ಮೇಲೆ ಲಾಡಿ, ಬಾಲಕ್ಕೊಂದು ತೂತು, ತೂತಿನ ಅಂಚಿಗೆ ಪೈಪಿಂಗ್ ಪಟ್ಟಿ ಬೇರೆ. ಬಾಲ ಹೊರಬಂದದ್ದೇ ತಡ, ಅದು ಆಡಿತು. ಆಪರೇಷನ್ ಆದ ಮೇಲೆ ಆಡಿದ್ದು ಅದೇ ಮೊದಲು. ಹೊಸಿಲಿನಾಚೆ ಭಾಯ್ ಚಪ್ಪಾಳೆ ತಟ್ಟಿದರು. ಅತ್ತೆಯೂ ನಕ್ಕರು, ನಾನಿದ್ದೇನೆಂದು ನೆನಪಾಗಿ ನಿಲ್ಲಿಸಿದರು.

ಮೂರನೇ ದಿನದ ಬೆಳಿಗ್ಗೆ ನಿಂಬೆಹಣ್ಣು ನೆಲ್ಲಿಕಾಯಿಯಾಗಿತ್ತು. ಡಾಕ್ಟರ್ ಫೋಟೋ ನೋಡಿ, ಮತ್ತೆ ಕತ್ತರಿಸುವ ಅಗತ್ಯ ಬೀಳುವುದಿಲ್ಲ, ಹೀಗೇ ಮುಂದುವರಿಸಿ ಎಂದಳು. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಗಂಡ ಕಾರ್ಖಾನೆಯಿಂದ ಬರುವಾಗ ಮೈಸೂರುಪಾಕು ತಂದರು. ತಪ್ಪಿತಸ್ಥರಲ್ಲಿ ಒಬ್ಬರಾದ್ದರಿಂದ ಎಲ್ಲರಿಗಿಂತ ದೊಡ್ಡ ತುಂಡನ್ನು ಅತ್ತೆಯ ಕೈಗಿಟ್ಟರು. ಅತ್ತೆ ಮಗನ ಜೊತೆ ಮಾತಾಡಿದರು, ಭಾಯ್ ಜೊತೆ ಮಾತಾಡಿದರು. ನನಗೆ ಮಾತ್ರ ನಾಯಿಯ ಮೂಲಕವೇ, "ಅವಳೂ ಒಂದು ತಿನ್ಲಿ ಕಂದಾ."

ಹೀಗೆ ವಾರ ಕಳೆಯಿತು. ಒಂದು ಮಧ್ಯಾಹ್ನ ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು, ನಾನು ಕೆಳಗೆ ಕೌದಿಯ ಅಂಚಿನಲ್ಲಿ. ನಡುವೆ ನಾಯಿ, ಅಂಗಿ ತೊಟ್ಟು, ಅರೆನಿದ್ದೆಯಲ್ಲಿ. ಕೋಣೆ ತಂಪಾಗಿತ್ತು. ಬರಿದೇ ಕೂರುವುದು ನನಗೆ ಬಾರದ ವಿದ್ಯೆ. "ನಿಮ್ಮಜ್ಜೀನ ಕೇಳು," ಎಂದೆ ನಾಯಿಗೆ, "ಇಷ್ಟು ಚೆನ್ನಾಗಿ ಬಾಣಂತನ ಮಾಡೋದು ಎಲ್ಲಿ ಕಲಿತ್ರು ಅಂತ. ಅವರಿಗೆ ಯಾರು ಮಾಡಿದ್ರಂತೆ?"

ಅತ್ತೆ ಅವನ ಮಡಚಿದ ಕಿವಿಯನ್ನು ಬೆರಳಲ್ಲಿ ಬಿಡಿಸುತ್ತಾ, "ಮೂರಕ್ಕೂ ನಮ್ಮವ್ವ ಮಾಡಿದ್ಲು ಕಣೋ. ನಾಲ್ಕನೇದಕ್ಕೆ ಯಾರೂ ಮಾಡ್ಲಿಲ್ಲ" ಎಂದರು.

ನನ್ನ ಗಂಡ, ಇಬ್ಬರು ನಾದಿನಿಯರು. ಮೂರೇ. ನಾಲ್ಕನೆಯದು ಯಾವುದು? ನಾನು ತಲೆ ಎತ್ತಿದೆ.

"ನಾಲ್ಕನೇದು ಆಪರೇಷನ್ನು. ಕೊನೇ ಕೂಸಿಗೆ ಎಂಟು ತಿಂಗಳು. ನಮ್ಮತ್ತೆ ಬಂದು, ಬಾ, ಶಕ್ತಿಗೆ ಇಂಜೆಕ್ಷನ್ ಹಾಕ್ತಾರೆ ಅಂದ್ಲು. ಹೋದೆ. ಎಚ್ಚರಾದಾಗ ಹೊಟ್ಟೆ ಮ್ಯಾಲೆ ಹೊಲಿಗೆ. ಎಲ್ಲಾರಿಗೂ ಗೊತ್ತಿತ್ತು ಕಣೋ ಕಂದಾ, ನನ್ನ ಗಂಡನಿಗೂ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ. ನನಗೂ ಇನ್ನೊಂದು ಕೂಸು ಬೇಕು ಅಂತೇನೂ ಇರ್ಲಿಲ್ಲ. ಮೂರು ಸಾಕಾಗಿದ್ವು. ಕೇಳಿದ್ರೆ ಹೂಂ ಅಂತಿದ್ದೆ. ಯಾರೂ ಕೇಳ್ಲಿಲ್ಲ. ಮೂರನೇ ದಿನಕ್ಕೆ ಸೊಪ್ಪಿನ ಮಡಿಗೆ ನೀರು ಕಟ್ಟೋಕೆ ಕಳಿಸಿದ್ರು."

ಇದನ್ನೆಲ್ಲ ಅವರು ನಾಯಿಗೇ ಹೇಳಿದರು, ನನ್ನ ಕಡೆ ಒಮ್ಮೆಯೂ ನೋಡದೆ, ಮತ್ತೆ ಮತ್ತೆ ಮಡಚಿಕೊಳ್ಳುತ್ತಿದ್ದ ಅವನ ಕಿವಿಯನ್ನು ಬಿಡಿಸುತ್ತಾ. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿ ಉಂಡಿದ್ದೇನೆ, ನನಗೆ ಈ ಮಾತು ಗೊತ್ತಿರಲಿಲ್ಲ. ನಾನು ಹೇಳಿದ ಸುಳ್ಳೂ ಅದೇ ಆಗಿತ್ತು, ಅದೇ ಇಂಜೆಕ್ಷನ್. ಕಾರಣ ಕೊಡಲಿಲ್ಲ ಎಂದು ಸೊನ್ನೆ ಹಾಕಿದ್ದೆನಲ್ಲ, ಕಾರಣ ಇಷ್ಟು ವರ್ಷ ಅವರ ಹೊಟ್ಟೆಯ ಮೇಲೆಯೇ ಇತ್ತು.

ನಾಯಿಯ ಮೂಲಕ ಹೇಳುವಂಥ ಮಾತಾಗಿರಲಿಲ್ಲ ಅದು. "ಅತ್ತೆ, ನಂದು ತಪ್ಪಾಯ್ತು" ಎಂದೆ ನೇರವಾಗಿ.

ಅತ್ತೆ ಅವನ ಕಿವಿಯನ್ನು ಇನ್ನೊಮ್ಮೆ ಬಿಡಿಸಿದರು. "ತಪ್ಪಾಯ್ತಂತೆ ಕಣೋ" ಎಂದರು ಅವನಿಗೆ. "ಕೇಳಿಸ್ಕೊಂಡ್ಯಾ?" ಅವನು ಕಣ್ಣು ತೆರೆದು, ಕಾಲು ಚಾಚಿ, ಮತ್ತೆ ಮಲಗಿದ. ಆ ರಾತ್ರಿ ನಾನು ಹಿಡಿದ ಗಂಜಿಯ ಬಟ್ಟಲಿಗೆ ಬಾಯಿ ಹಾಕಿದ. ಅದನ್ನು ಅತ್ತೆ ನೋಡಿದರು.

ಹನ್ನೊಂದನೇ ದಿನ ಕ್ಲಿನಿಕ್ಕಿಗೆ ಅತ್ತೆಯೂ ಹೊರಟರು. ಇಂದಿರಾನಗರದವರೆಗೂ ಆಟೋದಲ್ಲಿ ನಾನು ನಾಯಿಗೆ ಎಲ್ಲವನ್ನೂ ಹೇಳಿಕೊಂಡೇ ಹೋದೆ. ಎಲ್ಲಿಗೆ ಹೋಗುತ್ತಿದ್ದೇವೆ, ಯಾರು ಮುಟ್ಟುತ್ತಾರೆ, ಎಲ್ಲಿ ಮುಟ್ಟುತ್ತಾರೆ, ಈ ಸಲ ಕತ್ತರಿಸುವುದಿಲ್ಲ. ಆಟೋದವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ನೋಡಲಿ. ಡಾಕ್ಟರ್ ಕೈಗವಸು ಹಾಕಿಕೊಳ್ಳುವಾಗ ಅತ್ತೆ, "ಅವನಿಗೊಂದು ಮಾತು ಹೇಳಿ ಮುಟ್ಟವ್ವ" ಎಂದರು. ಆ ಹುಡುಗಿ ನಗಲಿಲ್ಲ. ಬಗ್ಗಿ, "ಈಗ ನೋಡ್ತೀನಿ, ಹೆದರ್ಬೇಡ" ಎಂದು ಅವನಿಗೆ ಹೇಳಿಯೇ ನೋಡಿದಳು. ಗಾಯ ಪೂರ್ತಿ ಮಾಗಿತ್ತು. ಓಡಬಹುದು, ಹಾರಬಹುದು, ಸ್ನಾನ ಮಾಡಿಸಬಹುದು.

ಮನೆಗೆ ಬಂದದ್ದೇ ಅಂಗಳದಲ್ಲಿ ಹಂಡೆ ಇಟ್ಟು ನೀರು ಕಾಯಿಸಿದೆವು. ಮೂರೂ ಮಹಡಿಯವರು ನೋಡಲು ಬಂದು ನಿಂತರು. ಭಾಯ್ ಲಾಡಿ ಬಿಚ್ಚುವುದನ್ನು ದೂರದಿಂದಲೇ ಹೇಳಿಕೊಟ್ಟರು. ನಾನು ನಾಯಿಯನ್ನು ಹಿಡಿದುಕೊಂಡೆ, ಅತ್ತೆ ಕುರ್ಚಿಯಲ್ಲಿ ಕೂತು ಚೊಂಬಿನಲ್ಲಿ ಹದವಾದ ನೀರು ಹಾಕಿದರು. "ಕಂದಾ, ಅವಳಿಗೆ ಹೇಳು, ಕತ್ತು ಗಟ್ಟಿಯಾಗಿ ಹಿಡ್ಕೊಳ್ಳಿ ಅಂತ" ಎನ್ನುತ್ತಾ ಸೀಗೆಪುಡಿ ತಿಕ್ಕಿದರು. ನಾನು ಗಟ್ಟಿಯಾಗಿಯೇ ಹಿಡಿದಿದ್ದೆ. ಆದರೆ ಸೀಗೆಪುಡಿಯ ಜಾರು, ಹತ್ತು ದಿನ ಕೂಡಿಟ್ಟಿದ್ದ ಕಸುವು. ಅವನು ಒಮ್ಮೆ ಮೈ ಕೊಡವಿದ. ಭಾಯ್ "ಯಾ ಅಲ್ಲಾ" ಎಂದು ಮೂರು ಮೆಟ್ಟಿಲು ಹಾರಿದರು. ಮರುಗಳಿಗೆ ಅವನು ನನ್ನ ಕೈಯಿಂದ ನುಣುಚಿ, ತೆರೆದ ಗೇಟಿನಿಂದ ಓಣಿಗೆ ನೆಗೆದು ಓಡಿದ.

ನಾನು ಒದ್ದೆ ಸೀರೆಯಲ್ಲಿ ಕಲ್ಲಾಗಿ ನಿಂತೆ. ಅತ್ತೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಹೇಳಿಕಳಿಸಲು ನಡುವೆ ಯಾರೂ ಇರಲಿಲ್ಲ.

"ಏನಮ್ಮೀ ನಿಂತ್ಕೊಂಡೆ! ಓಡು, ಹಿಡ್ಕೊಂಡು ಬಾ!"

ನನಗೆ ಹೇಳಿದರು! ನಾನು ಓಡಿದೆ. ಐವತ್ತೆರಡು ವರ್ಷದ ಗಣಿತದ ಟೀಚರು, ಸೀರೆ ಮೊಣಕಾಲಿಗೆ ಎತ್ತಿಕೊಂಡು, ಚರಂಡಿ ಹಾರಿ, ನಗುತ್ತಾ ಓಡಿದೆ. ನನ್ನ ಶಾಲೆಯ ಹುಡುಗನೊಬ್ಬನ ತಾಯಿ ಅಂಗಡಿಯ ಮುಂದೆ ನಿಂತು ಬಾಯಿ ತೆರೆದು ನೋಡಿದಳು. ನಾಯಿ ರಿಂಗ್ ರಸ್ತೆಯ ಕಡೆ ತಿರುಗುವ ತಿರುವಿನವರೆಗೆ ಹೋಗಿ ನಿಂತ. ಅಲ್ಲಿನ ಕಂಬ ಮೂಸಿದ. ಅತ್ತ ನೋಡಿದ. ನಾನು ಇದ್ದಲ್ಲೇ ನಿಂತೆ. ಅವನು ತಿರುಗಿ, ನನ್ನ ಪಕ್ಕದಿಂದಲೇ, ನನ್ನ ಸೀರೆಗೆ ಮೈ ಒರೆಸಿಕೊಂಡು ಮನೆಯ ಕಡೆ ಓಡಿದ.

ನಾನು ಏದುಸಿರು ಬಿಡುತ್ತಾ ಗೇಟು ಮುಟ್ಟುವಾಗ ಅವನು ಅತ್ತೆಯ ಕುರ್ಚಿಯ ಕೆಳಗೆ ಒದ್ದೆ ಮುದ್ದೆಯಾಗಿ ಕೂತಿದ್ದ. ಅತ್ತೆ ಅವನನ್ನು ನೋಡುತ್ತಿರಲಿಲ್ಲ, ನನ್ನ ಕಾಲನ್ನು ನೋಡುತ್ತಿದ್ದರು. ಚಪ್ಪಲಿ ಇರಲಿಲ್ಲ, ಮೊಣಕಾಲಿನವರೆಗೂ ಓಣಿಯ ಕೆಸರು.

"ಇನ್ಮ್ಯಾಲೆ ಎಲ್ಲಿಗೆ ಕರ್ಕೊಂಡೋದ್ರೂ ಹೇಳಿ ಕರ್ಕೊಂಡೋಗು" ಎಂದರು. "ಅವನನ್ನಾದ್ರೂ ಸರಿ, ನನ್ನನ್ನಾದ್ರೂ ಸರಿ."

"ಹ್ಞೂಂ ಅತ್ತೆ. ಹೇಳ್ತೀನಿ."

"ಬಾ ಇಲ್ಲಿ" ಎಂದು ಅವರು ಹಂಡೆಯಲ್ಲಿ ಉಳಿದಿದ್ದ ಬಿಸಿನೀರನ್ನು ಚೊಂಬಿನಲ್ಲಿ ಮೊಗೆದು ನನ್ನ ಕಾಲ ಮೇಲೆ ಸುರಿದರು.